ಇಡೀ ಲ್ಯಾಬ್ ಕೇಳಿಸಿಕೊಂಡ ಎರರ್

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಪ್ರಾಕ್ಟಿಕಲ್ ಪರೀಕ್ಷೆಯ ಗಲಾಟೆಯೆಲ್ಲ ಶುರುವಾದದ್ದು ಅಲ್ಲಿಂದ.

ನಮ್ಮದು ಬಂಗಾರಪೇಟೆಯ ಹೊರಗೆ ಹಸು ಕಟ್ಟಿಕೊಂಡಿರುವ ಮನೆ. ಅಮ್ಮ ಡೇರಿಗೆ ಹಾಲು ಹಾಕಿ ಬಂದು ನನ್ನನ್ನು ಸ್ಟೇಷನ್ನಿಗೆ ಬಿಡುತ್ತಿದ್ದಳು. ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ನ ಕಾಲೇಜಿಗೆ ಹೋಗುತ್ತಿದ್ದೆ. ಓದುತ್ತಿದ್ದದ್ದು ಕಂಪ್ಯೂಟರ್ ಸೈನ್ಸ್. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಒಂದು ಸಾಫ್ಟ್‌ವೇರ್ ಇಯರ್‌ಫೋನಿನಲ್ಲಿ ಮಾತಾಡುತ್ತಿತ್ತು. ಅದರ ವೇಗಕ್ಕೆ ಪಕ್ಕದವರಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ನನಗೆ ಅದಕ್ಕಿಂತ ನಿಧಾನವಾದರೆ ನಿದ್ದೆ ಬರುತ್ತಿತ್ತು.

ಕೊನೆಯ ವರ್ಷ ಪ್ಯಾರಲಲ್ ಪ್ರೋಗ್ರಾಮಿಂಗ್ ಬಂತು. ಒಂದು ದೊಡ್ಡ ಲೆಕ್ಕವನ್ನು ಪಾಲು ಮಾಡಿ, ಕಂಪ್ಯೂಟರಿನ ಮಿದುಳಿನೊಳಗಿನ ನಾಲ್ಕು ಕೋರ್‌ಗಳಿಂದ ಒಟ್ಟಿಗೇ ಮಾಡಿಸುವ ವಿದ್ಯೆ. ಅದೇ ಹೊತ್ತಿಗೆ ಲ್ಯಾಬಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿದರು. ಎಲ್ಲವೂ ಮೌಸಿನಲ್ಲಿ; ಹಸಿರು ಬಟನ್ ಒತ್ತಿದರೆ ಪ್ರೋಗ್ರಾಂ ಓಡುತ್ತದಂತೆ. ನನ್ನ ಕಿವಿಗೆ ಬರುತ್ತಿದ್ದದ್ದು "ಬಟನ್, ಬಟನ್, ಬಟನ್" ಅಷ್ಟೆ. ಯಾವ ಬಟನ್ ಎಂದು ಆ ಧ್ವನಿಗೂ ಗೊತ್ತಿರಲಿಲ್ಲ. ನಾನು ಅದನ್ನು ಮುಚ್ಚಿ ಟರ್ಮಿನಲ್ ತೆರೆದೆ. ಅಲ್ಲಿ ಚಿತ್ರಗಳಿಲ್ಲ. ಒಂದು ಸಾಲು ಟೈಪ್ ಮಾಡಿದರೆ ಪ್ರೋಗ್ರಾಮಿನ ತುಂಡುಗಳು ಯಂತ್ರದ ಭಾಷೆಗೆ ಕಂಪೈಲ್ ಆಗುತ್ತವೆ, ಇನ್ನೊಂದು ಸಾಲಿಗೆ ಅವೆಲ್ಲ ಲಿಂಕ್ ಆಗಿ ಒಂದಾಗುತ್ತವೆ. ತಪ್ಪಿದ್ದರೆ ಅದೂ ಅಕ್ಷರದಲ್ಲೇ ಬರುತ್ತದೆ. ನನಗೆ ಬೇಕಾದದ್ದು ಅಷ್ಟೆ.

ಪರೀಕ್ಷೆ ಹತ್ತಿರ ಬಂದಾಗ ನಮ್ಮ ವಿಭಾಗದ ಮುಖ್ಯಸ್ಥೆ ಕರೆಸಿಕೊಂಡರು.

"ಈ ಸಲ ಎಲ್ಲರೂ ಹೊಸ ಸಾಫ್ಟ್‌ವೇರಿನಲ್ಲೇ ಮಾಡಬೇಕು. ನಿನಗ್ಯಾಕಮ್ಮ ತೊಂದರೆ? ಪರೀಕ್ಷಕರು ಕೇಳೋ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳು, ಸಾಕು. ಪ್ರೋಗ್ರಾಮಿನ ಅಂಕ ಪೂರ್ತಿ ಹಾಕಿಸ್ತೀನಿ."

"ಬೇಡ ಮೇಡಂ."

"ಅಂಕ ಬೇಡವಾ?"

"ಮಾಡಿದ್ದಕ್ಕೆ ಕೊಡಿ. ನಿಯಮದಲ್ಲಿ ನನಗೆ ಹೆಚ್ಚಿನ ಸಮಯ ಇದೆ, ಅದನ್ನ ಬಿಡೋದಿಲ್ಲ. ಬಿಟ್ಟಿ ಅಂಕ ತಗೊಳ್ಳೋದಿಲ್ಲ."

ಅವರು ಕೆಟ್ಟವರಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಕೆಟ್ಟವರ ಜೊತೆ ಜಗಳವಾಡಬಹುದು. ಕನಿಕರದ ಜೊತೆ ಜಗಳವಾಡಿದರೆ ನಾವೇ ಸೊಕ್ಕಿನವರಾಗುತ್ತೇವೆ. "ಪರೀಕ್ಷಕರನ್ನ ನೀನೇ ಕೇಳಿಕೋ" ಎಂದು ಕಳಿಸಿದರು.

ಮನೆಯಲ್ಲಿ ಅಮ್ಮನಿಗೆ ಹೇಳಿದರೆ ಅವಳೂ ಅದೇ ರಾಗ ತೆಗೆದಳು. "ತಾವಾಗೇ ಕೊಡ್ತೀನಿ ಅಂತಾರೆ, ಈಸ್ಕೊಂಡು ಬರೋಕೇನೇ ನಿಂಗೆ? ಯಾಕಿಂಗೆ ಅಟ ಮಾಡ್ತೀಯಾ?"

"ಡೇರೀಲಿ ನಿನ್ನ ಹಾಲು ಪರೀಕ್ಷೆ ಮಾಡ್ದೇನೇ, ಪಾಪ ಕುರುಡು ಮಗಳಿದಾಳೆ ಅಂತ ಜಾಸ್ತಿ ಕೊಟ್ರೆ ಈಸ್ಕೊಂಡು ಬತ್ತೀಯಾ?"

ಕೈಯಲ್ಲಿದ್ದ ಕ್ಯಾನನ್ನು ಅವಳು ನೆಲಕ್ಕೆ ಕುಕ್ಕಿದ ಸದ್ದು ಕೇಳಿಸಿತು. "ಯಾವನ್ಲಾ ಅವ್ನು, ನನ್ ಮಗಳ್ನ ಪಾಪ ಅನ್ನೋನು?" ಆಮೇಲೆ ತಾನೇನು ಹೇಳಿದೆ ಎಂದು ಅವಳಿಗೇ ಹೊಳೆದಿರಬೇಕು. "ಓಗ್ಲಿ ಬುಡು. ನಿನ್ ಇಷ್ಟದಂಗೇ ಮಾಡು" ಎಂದಳು.

ಪರೀಕ್ಷೆಯ ದಿನ ಬಂದ ಪರೀಕ್ಷಕರು ಹೊರಗಿನ ಊರಿನವರು. ಟರ್ಮಿನಲ್ ವಿಷಯ ಕೇಳಿದ್ದೇ ತಡ, "ಯಾವುದರಲ್ಲಾದರೂ ಮಾಡು, ಪ್ರೋಗ್ರಾಂ ಓಡಬೇಕು" ಎಂದುಬಿಟ್ಟರು. ಇಷ್ಟು ಸುಲಭವೇ ಎಂದುಕೊಂಡೆ. ಆದರೆ ಕುಳಿತು ಟೈಪ್ ಮಾಡಲು ಶುರುಮಾಡಿದಾಗ ಹಿಂದೆ ಬಂದು ನಿಂತರು.

"ಕಿವಿಯಲ್ಲಿ ಏನದು? ಇಯರ್‌ಫೋನ್ ಹಾಕುವ ಹಾಗಿಲ್ಲ."

"ಸರ್, ಪರದೆ ಓದಿ ಹೇಳೋದು ಇದೇ."

"ಅದು ಪರದೆ ಓದುತ್ತೋ, ಯಾರಾದರೂ ಉತ್ತರ ಹೇಳಿಕೊಡ್ತಾರೋ ನನಗೆ ಹೇಗೆ ಗೊತ್ತಾಗಬೇಕು?"

ನಾನು ಇಯರ್‌ಫೋನ್ ಕಂಪ್ಯೂಟರಿನಿಂದ ಕಿತ್ತು ಅವರತ್ತ ಚಾಚಿದೆ. "ಹಾಗಾದರೆ ಎಲ್ಲರೂ ಕೇಳಲಿ ಸರ್" ಎಂದು ಸ್ಪೀಕರಿನ ಸದ್ದು ಪೂರ್ತಿ ಏರಿಸಿದೆ.

ಒತ್ತಿದ ಪ್ರತಿ ಅಕ್ಷರವನ್ನೂ ಯಂತ್ರ ಕೂಗತೊಡಗಿತು. ಲ್ಯಾಬಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ದೊಡ್ಡದೊಂದು ಪಟ್ಟಿಯ ಸಂಖ್ಯೆಗಳನ್ನು ನಾಲ್ಕು ಪಾಲು ಮಾಡಿ ಕೂಡಿಸಬೇಕಿತ್ತು. ಬರೆದೆ, ಕಂಪೈಲ್ ಮಾಡಿದೆ. ಲಿಂಕ್ ಮಾಡುವ ಸಾಲು ಒತ್ತಿದೆ, ನೋಡಿ, "ಅನ್‌ಡಿಫೈನ್ಡ್ ರೆಫರೆನ್ಸ್! ಅನ್‌ಡಿಫೈನ್ಡ್ ರೆಫರೆನ್ಸ್!" ಎಂದು ಅದು ಬಡಬಡನೆ ಅರಚಿತು. ನನ್ನ ತಪ್ಪನ್ನು ಇಡೀ ಲ್ಯಾಬ್ ಕೇಳಿಸಿಕೊಂಡಿತು. ಪಕ್ಕದಲ್ಲಿದ್ದ ನನ್ನ ಆಂಡರ್ಸನ್‌ಪೇಟೆಯ ಗೆಳತಿ ಕಿಸಕ್ಕನೆ ನಕ್ಕಳು. ಆದರೂ ಸದ್ದು ಇಳಿಸಲಿಲ್ಲ. ಬೇಕೆಂದೇ ಮತ್ತೊಮ್ಮೆ ಮೊದಲಿನಿಂದ ಓದಿಸಿದೆ.

"ಸರ್, ಹೀಗಾದರೆ ನಾವು ಹೇಗೆ ಬರೆಯೋದು?" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಪರೀಕ್ಷಕರು ಇಯರ್‌ಫೋನನ್ನು ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಿ, ತಮ್ಮ ಕಿವಿಗಿಟ್ಟು ಕೇಳಿದರು. "ನಿನಗೆ ಇದು ಅರ್ಥವಾಗುತ್ತಾ?"

"ಆಗುತ್ತೆ ಸರ್. ಪ್ಯಾರಲಲ್ ಲೈಬ್ರರಿಯ ಹೆಸರನ್ನ ಕಂಪೈಲ್ ಸಾಲಲ್ಲಿ ಹೇಳಿದೀನಿ, ಲಿಂಕ್ ಸಾಲಲ್ಲಿ ಹೇಳೋದು ಮರೆತೆ."

ಇಯರ್‌ಫೋನ್ ನನ್ನ ಕೈಗಿಟ್ಟರು. ಬಿಟ್ಟುಹೋದ ಪದವನ್ನು ಸಾಲಿನ ಕೊನೆಗೆ ಸೇರಿಸಿದೆ. ಲಿಂಕ್ ಆಯಿತು. ಓಡಿಸಿದೆ, ಮೊತ್ತ ಬಂತು. ಹೆಮ್ಮೆಯಿಂದ ಪರೀಕ್ಷಕರನ್ನು ಕರೆದೆ.

"ಇನ್ನೊಂದು ಸಲ ಓಡಿಸು" ಎಂದರು. ಓಡಿಸಿದೆ. ಮೊತ್ತ ಬೇರೆ ಬಂತು. "ಮತ್ತೆ." ಮತ್ತೂ ಬೇರೆ.

ನಾಲ್ಕು ಕೋರ್‌ಗಳೂ ತಮ್ಮ ಲೆಕ್ಕವನ್ನು ಒಂದೇ ಜಾಗದಲ್ಲಿ ಬರೆಯುತ್ತ, ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತಿತ್ತು. ಅದು ಹೊಳೆಯುವಷ್ಟರಲ್ಲಿ ನನ್ನ ಹೆಚ್ಚಿನ ಸಮಯವೂ ಮುಗಿದಿತ್ತು. ಯಾಕೆ ಹಾಗಾಗುತ್ತದೆ ಎಂದು ಬಾಯಲ್ಲಿ ಹೇಳಿದೆ. ಅವರು ಕೇಳಿಸಿಕೊಂಡರು, ಅಂಕವನ್ನಂತೂ ಕತ್ತರಿಸಿದರು.

ಹೊರಗೆ ಬಂದಾಗ ಗೆಳತಿ ತೋಳು ಹಿಡಿದು ಬೈದಳು. "ಸುಮ್ನೆ ಇದ್ದಿದ್ರೆ ಫುಲ್ ಮಾರ್ಕ್ಸ್ ಬತ್ತಿತ್ತು. ಪೈತ್ಯಂ ಡೀ ನೀನು, ಹುಚ್ಚಿ!"

ಹೌದು, ಬರುತ್ತಿತ್ತು. ಆದರೆ ನನ್ನ ತಪ್ಪಿಗೆ ಅಂಕ ಕಳೆಯುವಷ್ಟು ಗಂಭೀರವಾಗಿ ಆ ಕಾಲೇಜಿನಲ್ಲಿ ಯಾರೋ ಒಬ್ಬರು ನನ್ನ ಪ್ರೋಗ್ರಾಮನ್ನು ನೋಡಿದ್ದರು. ನನ್ನ ಖುಷಿ ಅದಕ್ಕೆ.

ಮುಂದಿನ ಸೆಮಿಸ್ಟರಿನಲ್ಲಿ ಮುಖ್ಯಸ್ಥೆ ಕಾರಿಡಾರಿನಲ್ಲಿ ಸಿಕ್ಕಿ, ನಗುತ್ತಲೇ, "ಈ ಸಲವಾದರೂ ಬಾಯಿಪ್ರಶ್ನೆ ಸಾಕಲ್ಲವೇನಮ್ಮ?" ಎಂದರು.

"ಇಲ್ಲ ಮೇಡಂ. ನನ್ನ ಹಿಂದೆ ನನ್ನಂಥವರು ಇನ್ನೂ ಯಾರಾದರೂ ಬರಬಹುದು. ಟರ್ಮಿನಲ್‌ನಲ್ಲೂ ಮಾಡಬಹುದು ಅಂತ ನೋಟೀಸ್ ಬೋರ್ಡಿಗೆ ಹಾಕಿಸಿ" ಎಂದೆ.

ಹಾಕಿಸಿದರು. ಅದನ್ನು ಗೆಳತಿಯ ಕೈಲಿ ಗಟ್ಟಿಯಾಗಿ ಓದಿಸಿಯೇ ನಾನು ತರಗತಿಗೆ ಹೋದದ್ದು.