ಚಂದ್ರಿಗೆ ಹಾಕಿದ ರಜೆ

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಹಾಗಾದರೆ ನನ್ನ ಗಂಡ ಇಪ್ಪತ್ತಾರು ವರ್ಷಗಳಿಂದ ನಮ್ಮ ಮನೆಯಲ್ಲಿ ಬಂಗಾರವನ್ನೇ ತುಂಬಿಟ್ಟಿದ್ದಾರೆ. ಹೆಸರು ಯಮನಪ್ಪ, ಬೈಲಹೊಂಗಲದಲ್ಲಿ ಬಸ್ ಡ್ರೈವರ್. ಸವದತ್ತಿ, ರಾಮದುರ್ಗದ ದಾರಿಯಲ್ಲಿ ಯಾವ ತಿರುವಿನಲ್ಲಿ ಎಮ್ಮೆ ಅಡ್ಡ ಬರುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲರು. ಹೆಂಡತಿಗೆ ಯಾವಾಗ ತಲೆ ನೋಯುತ್ತದೆ ಅಂತ ಕಣ್ಣು ತೆರೆದರೂ ಕಾಣುವುದಿಲ್ಲ. ನಾನು ಸಂಗೊಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ದಿನವಿಡೀ ಇಪ್ಪತ್ತು ಮಕ್ಕಳ ನಡುವೆ ಕೂಗಿ ಮನೆಗೆ ಬಂದರೆ, ಇವರು "ಹೂಂ", "ಆತು", "ನೀಡು" ಎಂಬ ಮೂರು ಮಾತಿನಲ್ಲಿ ಸಂಜೆಯನ್ನು ಮುಗಿಸುತ್ತಿದ್ದರು. ಇದು ಇವರ ಸ್ವಭಾವ ಅಂದುಕೊಂಡು ನಾನೂ ಸುಮ್ಮನಾಗಿದ್ದೆ.

ಮೂರು ವರ್ಷದ ಹಿಂದೆ ರಾಮದುರ್ಗದಿಂದ ಬರುವಾಗ ಡ್ಯೂಟಿ ಚೀಲದಲ್ಲಿ ಒಂದು ಹೆಣ್ಣು ನಾಯಿಮರಿ ತಂದರು. ಬೇಟೆ ನಾಯಿಯ ಜಾತಿ, ಉದ್ದ ಮೂತಿ, ಬಳುಕುವ ನಡು, ಹಾಲಿನ ಬಣ್ಣ. ಚಂದ್ರಿ ಅಂತ ಹೆಸರಿಟ್ಟರು. ಅವತ್ತಿನಿಂದ ನನ್ನ ಗಂಡನಿಗೆ ಬಾಯಿ ಬಂತು.

"ಚಂದ್ರವ್ವಾ, ನನ್ನ ತಾಯಿ, ಉಂಡೇನ? ಯಾಕ ಮಾರಿ ಸಪ್ಪಗ ಮಾಡೀ? ಯಾರ ಏನಂದ್ರ ನಿನಗ?"

ನನ್ನನ್ನು ಕರೆಯುತ್ತಿದ್ದದ್ದು ಆಗಲೂ "ಏ, ಕೇಳಿತೇನ" ಅಂತಲೇ. ಅನ್ನಪೂರ್ಣಾ ಎಂಬ ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ನಾಯಿಯ ಮೇಲೆ ಹೊಟ್ಟೆಕಿಚ್ಚೇ ಅಂತ ನೀವು ಕೇಳಬಹುದು. ಹೌದು, ಹೊಟ್ಟೆಕಿಚ್ಚೇ. ನಗುವವರು ನಗಲಿ. ಕೆನೆ ಇರುವ ಹಾಲು ಅದಕ್ಕೆ, ತಳದ ನೀರು ಹಾಲು ನನ್ನ ಚಹಾಕ್ಕೆ ಅಂದಾಗ ಯಾರ ಹೊಟ್ಟೆಯಾದರೂ ಉರಿಯುತ್ತದೆ.

ಹೋದ ವರ್ಷ ಚಂದ್ರಿ ಬೆದೆಗೆ ಬಂದಳು. ಓಣಿಯ ಗಂಡುನಾಯಿಗಳೆಲ್ಲ ನಮ್ಮ ಬಾಗಿಲಲ್ಲಿ ಠಿಕಾಣಿ ಹಾಕಿದವು. ಇವರು ಕೈಯಲ್ಲಿ ಕೋಲು ಹಿಡಿದು ಎಂಟು ದಿನ ಕಾವಲು ಕೂತರು. ಅಷ್ಟರಲ್ಲಿ ರಾಮದುರ್ಗದ ಡ್ರೈವರ್ ಬಸವಲಿಂಗ ಬಂದ. ಅವನ ಹತ್ತಿರ ಅದೇ ಜಾತಿಯ ಗಂಡುನಾಯಿ ಇತ್ತು.

"ಮುಂದಿನ ಸರತಿಗೆ ನಮ್ಮ ನಾಯಿ ಜೋಡಿ ಬಿಡೂಣ್ರಿ ಯಮನಪ್ಪಣ್ಣ. ಬಂಗಾರದಂಥ ಮರಿ ಬೀಳತಾವ. ಪದ್ಧತಿ ನಿಮಗ ಗೊತ್ತೈತಲ್ಲ, ಮೊದಲನೇ ಮರಿ ನಾ ಆರಿಸ್ಕೊಳ್ಳಾಂವ."

ಗಂಡುನಾಯಿಯ ಒಡೆಯ ಮೊದಲು ಬಂದು, ಎಲ್ಲಕ್ಕಿಂತ ಚೆಂದದ ಮರಿಯನ್ನು ಎತ್ತಿಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ಮರುದಿನ ಇವರು ಬೈಲಹೊಂಗಲದ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರ್ ಸಂಘಮಿತ್ರಾ ಅವರನ್ನು ಕೇಳಿದರು. ಆಕೆ ನೇರ ಮಾತಿನ ಹುಡುಗಿ.

"ಏಳೆಂಟು ಮರಿಗೆ ಚಲೋ ಮನಿ ಹುಡುಕೂ ಶಕ್ತಿ ಇದ್ರ ಮರಿ ಹಾಕಸ್ರಿ. ಇಲ್ಲಂದ್ರ ಮರಿ ಆಗದಂಗ ಆಪರೇಷನ್ ಮಾಡಸ್ರಿ. ಎರಡು ತಿಂಗಳ ವ್ಯಾಳೆ ಐತಿ, ವಿಚಾರ ಮಾಡ್ರಿ."

ವಿಚಾರ ಅಂದರೆ ಎಂಥ ವಿಚಾರ! ಎರಡು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಕಂಡಕ್ಟರನ್ನು ಕೇಳಿದರು, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಉಗರಗೋಳದ ಮುದುಕಿಯನ್ನು ಕೇಳಿದರು, ಡಾಕ್ಟರಿಗೆ ಐದಾರು ಸಲ ಫೋನ್ ಮಾಡಿದರು. ನೋವಾಗುತ್ತದೆಯೇ? ದಪ್ಪ ಆಗುತ್ತಾಳೆಯೇ? ಮಂಕಾಗುತ್ತಾಳೆಯೇ? ಒಮ್ಮೆ ಅಂಗಳದಲ್ಲಿ ಕೂತು ಅದರ ಗದ್ದ ಹಿಡಿದು ಹೇಳಿದರು:

"ನಿನ್ನ ಮನಸಿನಾಗ ಏನೈತೋ ಏನೋ ತಾಯಿ. ನಿನ್ನ ಕೇಳದ ನಾ ಹ್ಯಾಂಗ ಮಾಡಸ್ಲಿ?"

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಕಪ್ಪಾಯಿತು.

ಇಪ್ಪತ್ತೊಂದು ವರ್ಷದ ಹಿಂದೆ, ಮಗ ಅಪ್ಪು ಏಳು ತಿಂಗಳ ಕೂಸು. ಮೇಲಿನವಳು ಪ್ರಣಿತಾಗೆ ಮೂರು ವರ್ಷ. ಒಂದು ಸಂಜೆ ನಮ್ಮ ಅತ್ತೆ ಬಾಯವ್ವ, "ಒಂದ ಹೆಣ್ಣಾತು, ಒಂದ ಗಂಡಾತು, ಸಾಕು. ನಾಳೆ ಆಪರೇಷನ್ ಕ್ಯಾಂಪ ಐತಿ, ಹೋಗಿ ಬಾ" ಅಂದರು. ಸಂತೆಗೆ ಹೋಗಿ ಬಾ ಅನ್ನುವ ಹಾಗೆ. ಇವರು ಅಲ್ಲೇ ಕೂತು ತಂಬಾಕು ತಿಕ್ಕುತ್ತಿದ್ದರು. ತಲೆ ಎತ್ತಲಿಲ್ಲ. ಬೆಳಿಗ್ಗೆ ಡ್ಯೂಟಿಗೆ ಹೋದರು. ನಾನು ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ, ಟೆಂಪೊದಲ್ಲಿ ಐದು ಹೆಂಗಸರ ಜೊತೆ ಹೋದೆ. ಸರದಿ ಬಂದದ್ದು ಮಧ್ಯಾಹ್ನ ಮೂರಕ್ಕೆ. ಅದೇ ಟೆಂಪೊದಲ್ಲಿ ಪ್ರತಿ ತಗ್ಗಿಗೂ ಹೊಟ್ಟೆ ಹಿಡಿದುಕೊಂಡು ವಾಪಸ್ ಬಂದೆ. ಸಂಜೆ ಇವರು ಬಂದು ನನ್ನನ್ನು ಕೇಳಿದ ಮೊದಲ ಮಾತು, "ಖಾಕಿ ಅಂಗಿ ಒಗದೈತೇನ?"

ಒಂದು ಮಾತು ಪ್ರಾಮಾಣಿಕವಾಗಿ ಹೇಳುತ್ತೇನೆ. ನನ್ನನ್ನು ಕೇಳಿದ್ದರೆ ನಾನೂ ಮಾಡಿಸಿಕೊಳ್ಳುತ್ತೇನೆ ಅನ್ನುತ್ತಿದ್ದೆ. ನನಗೂ ಎರಡೇ ಸಾಕಾಗಿತ್ತು. ಆದರೆ ಕೇಳಬೇಕಿತ್ತು. ನಾಯಿಗೆ ಸಿಕ್ಕ ಹಾಲಿಗೆ ನಾನು ಎಷ್ಟು ಉರಿದುಕೊಂಡಿದ್ದೆನೋ, ಅದರ ನೂರು ಪಟ್ಟು, ಅಂಗಳದಲ್ಲಿ ಅದನ್ನು ಕೇಳಿದ ಆ ಒಂದು ಪ್ರಶ್ನೆಗೆ ಉರಿದುಕೊಂಡೆ.

ಕೊನೆಗೆ ಇವರು ಆಪರೇಷನ್ ಅಂತಲೇ ಗಟ್ಟಿ ಮಾಡಿದರು. ಹಡೆಯುವಾಗ ಸತ್ತರೆ ಎಂಬ ಭಯ ಒಂದು, ಬಸವಲಿಂಗ ಬಂದು ಮರಿ ಎತ್ತಿಕೊಂಡು ಹೋಗುವುದನ್ನು ನೋಡಲಾಗದು ಎಂಬುದು ಇನ್ನೊಂದು. ಹತ್ತು ದಿನ ರಜೆ ಹಾಕಿದರು. ಪ್ರಣಿತಾಳ ಮದುವೆಗೆ ಹಾಕಿದ್ದು ನಾಲ್ಕು ದಿನ. ಚಂದ್ರಿಗೆ ಹಾಸಲು ಪೆಟ್ಟಿಗೆಯಿಂದ ಒಂದು ಕೌದಿ ತೆಗೆದರು. ನನ್ನ ಬಾಣಂತನಕ್ಕೆ ಅಂತ ನನ್ನ ಅವ್ವ ತನ್ನ ಹಳೆಯ ಇಳಕಲ್ಲ ಸೀರೆ ಹರಿದು ಹೊಲಿದ ಕೌದಿ ಅದು. ನಾನು ಏನೂ ಅನ್ನಲಿಲ್ಲ. ಬಂಗಾರ ಕೂಡಿಡುವುದನ್ನು ನಾನೂ ಕಲಿತಿದ್ದೆ.

ಹಿಂದಿನ ರಾತ್ರಿಯಿಂದ ನಾಯಿಗೆ ಏನೂ ತಿನ್ನಿಸಬಾರದು ಅಂತ ಡಾಕ್ಟರು ನಾಲ್ಕು ಸಲ ಹೇಳಿದ್ದರು. ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಚಂದ್ರಿ ಖಾಲಿ ಬೋಗುಣಿ ನೆಕ್ಕಿ ನೆಕ್ಕಿ ನನ್ನನ್ನು ನೋಡಿದಳು. ಹೊಸ್ತಿಲು ದಾಟಿ ಹೊರಟವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು, ಬಾಯಿಗೆ ಮೊಸರಾದರೂ ಹಾಕಬೇಕು ಅಂತ ನನ್ನ ಅವ್ವ ಕಲಿಸಿದ್ದಳು. ಕ್ಯಾಂಪಿನ ದಿನ ನನ್ನ ಬಾಯಿಗೆ ಯಾರೂ ಹಾಕಿರಲಿಲ್ಲ. ಯಾಕೆ, ಹೇಗೆ ಅಂತ ನನಗೆ ಗೊತ್ತಿಲ್ಲ, ಒಂದು ರೊಟ್ಟಿ ಮುರಿದು ಮೊಸರಿನಲ್ಲಿ ಕಲಸಿ ಅದರ ಮುಂದಿಟ್ಟೆ. ಎರಡು ನಿಮಿಷದಲ್ಲಿ ಬೋಗುಣಿ ಖಾಲಿಯಾಯಿತು.

ಅಂಗನವಾಡಿಯನ್ನು ಸಹಾಯಕಿಗೆ ಒಪ್ಪಿಸಿ, ನಾಯಿ ಹಿಡಿದುಕೊಳ್ಳಲು ನಾನೂ ಆಟೋದಲ್ಲಿ ಹೋದೆ. ಡಾಕ್ಟರು, "ಏನೂ ತಿನ್ನಿಸಿಲ್ಲಲ್ರಿ?" ಅಂತ ಕೇಳಿದರು. ಇವರು, "ಒಂದ ಹನಿ ನೀರೂ ಕೊಟ್ಟಿಲ್ರಿ ಮೇಡಮ್" ಅಂದರು. ನಾನು ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಇವರು ಅದರ ಕಿವಿ ಸವರುತ್ತಾ ನಿಂತಿದ್ದನ್ನು ನೋಡಿದೆ, ನನ್ನ ಬಾಯಿ ಮುಚ್ಚಿಕೊಂಡಿತು.

ಮೊದಲ ಇಂಜೆಕ್ಷನ್ ಕೊಟ್ಟು ಐದು ನಿಮಿಷ ಆಗಿರಲಿಲ್ಲ, ಚಂದ್ರಿ ಓಕರಿಸಿದಳು. ಅವ್ವನ ಕೌದಿಯ ಮೇಲೆ ಮೊಸರು, ರೊಟ್ಟಿಯ ಚೂರು.

"ನಸೀಬ ಚಲೋ ಐತಿ, ಈಗ ಬಂತು. ಪೂರಾ ಮತ್ತಿನಾಗ ಇದ್ದಾಗ ಬಂದಿದ್ರ ಉಸಿರಿಗೆ ಸಿಕ್ಕು ಸಾಯತಿತ್ತು. ಮುಂದಿನ ವಾರ ಬರ್ರಿ" ಅಂದರು ಡಾಕ್ಟರು.

ಆಸ್ಪತ್ರೆಯ ಬೇವಿನ ಮರದ ಕೆಳಗೆ ಇವರು ನನ್ನ ಕಡೆ ತಿರುಗಿದರು. ಅಷ್ಟು ವರ್ಷದಲ್ಲಿ ಇವರ ಕಣ್ಣು ಅಷ್ಟು ಕೆಂಪಾಗಿದ್ದನ್ನು ನಾನು ಕಂಡಿರಲಿಲ್ಲ.

"ಕೊಲ್ಲಬೇಕಂತ ಮಾಡಿದ್ದೇನ? ಮೂಕ ಪ್ರಾಣಿ ನಿನಗೇನ ಮಾಡೇತಿ?"

"ಮೂಕ ಪ್ರಾಣಿಯಂತ! ಅದಕ್ಕ ಎರಡ ತಿಂಗಳ ಕುಂತು ಕೇಳೀರಿ. ಬಾಯಿದ್ದ ನನ್ನ ಯಾವಾಗ ಕೇಳೀರಿ?" ಅಂದೆ. "ಹಸಿದ ಹೊಟ್ಟೀಲೆ ಟೆಂಪೊದಾಗ ಹೋದೆ, ಹೊಲಿಗಿ ಹಾಕಿಸ್ಕೊಂಡು ಟೆಂಪೊದಾಗ ಬಂದೆ. ನೀವು ಅಂಗಿ ಒಗದೈತೇನಂತ ಕೇಳಿದ್ರಿ. ಅವತ್ತಿನ ಹಸಿವು ಇನ್ನೂ ಹೋಗಿಲ್ಲ ನಂದು. ಅದಕ್ಕ ಇದನ್ನ ಹಸಿದು ಕಳಸಾಕ ಕೈ ಬರಲಿಲ್ಲ. ಮ್ಯಾಲೆ ಹೊಟ್ಟಿಕಿಚ್ಚು, ಅದಕ್ಕ ಡಾಕ್ಟರ್ ಮುಂದ ಹೇಳಾಕ ಬಾಯಿ ಬರಲಿಲ್ಲ. ತಪ್ಪ ನಂದ. ಬೈರಿ."

ಇವರು ಬೈಯಲಿಲ್ಲ. "ಅವತ್ತ ಡ್ಯೂಟಿ ಇತ್ತು" ಅಂತ ಅಷ್ಟೇ ಅಂದರು. ಚಂದ್ರಿಯನ್ನು ಎತ್ತಿ ಆಟೋದಲ್ಲಿ ಮಲಗಿಸುತ್ತಾ, "ರಜಾ ಕೇಳಿದ್ರ ಕೊಡತಿದ್ರು" ಅಂದರು. ಮನೆಗೆ ಬಂದು ಕೌದಿಯನ್ನು ಇವರೇ ಒಗೆದು ಒಣಹಾಕಿದರು.

ಐದನೇ ದಿನ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈ ಎಲ್ಲಿಡಬೇಕು ಅಂತ ತಿಳಿಯದೆ ಬಾಗಿಲ ಚೌಕಟ್ಟನ್ನು ಸವರುತ್ತಿದ್ದರು.

"ಚಂದ್ರಿಗೆ ಮಾಡಸೂಣೋ, ಬ್ಯಾಡೋ? ನೀ ಏನ ಅಂತಿ?"

ಹಿಟ್ಟಿನ ಕೈಯಲ್ಲೇ ಇವರ ಮುಖ ನೋಡಿದೆ. ತಕ್ಷಣ ಉತ್ತರ ಕೊಡಲು ನಾನೇನು ದಡ್ಡಿಯೇ? "ವಿಚಾರ ಮಾಡಿ ಹೇಳತೇನಿ" ಅಂದೆ. ಮರುದಿನವಿಡೀ ಇವರು ನನ್ನ ಹಿಂದೆ ಮುಂದೆ ಸುಳಿದಾಡಿದರು. ನಾನು ಅಂಗನವಾಡಿಗೆ ಹೋದೆ, ಬಂದೆ, ಚಹಾ ಕುಡಿದೆ. ಸಂಜೆಗೆ ಹೇಳಿದೆ: "ಮಾಡಸ್ರಿ. ನಮಗ ಒಂದ ಸಾಕು. ಆದ್ರ ಈ ಸಲ ಆ ಕೌದಿ ಬ್ಯಾಡ, ನಿಮ್ಮ ಚಾದರ ತಗೊಳ್ರಿ."

ಆಪರೇಷನ್ ಸರಿಯಾಗಿ ಆಯಿತು. ಮಧ್ಯಾಹ್ನದ ಹೊತ್ತಿಗೆ ಚಂದ್ರಿಯನ್ನು ವರಾಂಡದಲ್ಲಿ ಇವರ ಚಾದರದ ಮೇಲೆ ಮಲಗಿಸಿದರು. ಸಂಜೆಯವರೆಗೆ ಏನೂ ಕೊಡಬಾರದು ಅಂದರು ಡಾಕ್ಟರು. ಇವರು ಎದ್ದು ಎತ್ತಲೋ ಹೋದರು. ನಾಯಿಯನ್ನು ಬಿಟ್ಟು ಇವರು ಎದ್ದು ಹೋದದ್ದೇ ನನಗೆ ಆಶ್ಚರ್ಯ. ಹತ್ತು ನಿಮಿಷದ ಮೇಲೆ ಎದುರಿನ ಖಾನಾವಳಿಯಿಂದ ಒಂದು ತಾಟು ಹಿಡಿದುಕೊಂಡು ಬಂದರು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಮೊಸರು.

"ಮುಂಜಾನಿಂದ ಅದರ ಮುಂದ ಉಣಬಾರದಂತ ನೀನೂ ಉಪಾಸ ಅದೀ. ನಾ ನೋಡೇನಿ. ತಗೋ, ಉಣ್ಣು" ಅಂದರು. ತಡೆದು, ಬೇರೆ ಕಡೆ ನೋಡುತ್ತಾ, "ಅನ್ನಪೂರ್ಣಾ" ಅಂದರು.

ತಾಟನ್ನು ತೊಡೆಯ ಮೇಲಿಟ್ಟುಕೊಂಡೆ. ರೊಟ್ಟಿಯ ವಾಸನೆಗೆ ಚಂದ್ರಿ ಕಣ್ಣು ತೆರೆದಳು. ಮತ್ತಿನ್ನೂ ಇಳಿಯದ ಕಣ್ಣಿನಿಂದ ತಾಟು ನೋಡಿದಳು, ನನ್ನ ಪಕ್ಕದಲ್ಲಿ ಕೂತ ಇವರನ್ನು ನೋಡಿದಳು, ಸಣ್ಣಗೆ ಗುರುಗುಟ್ಟಿದಳು. ಆ ಉರಿ ನನಗೆ ಚೆನ್ನಾಗಿ ಗೊತ್ತು. ನೋಡಲಿ ಬಿಡು ಅಂದುಕೊಂಡು, ಒಂದು ಚೂರೂ ಬಿಡದೆ, ನಿಧಾನವಾಗಿ ಎಲ್ಲವನ್ನೂ ಉಂಡೆ.