ಮಾವನ ಸಹಿ ನಡೆಯುವುದಿಲ್ಲ ಎಂದ ವಕೀಲಬಾಯಿ

ಸಹಿ ಹಾಕಲು ಬಂದವರ ಕೈಯಿಂದ ಪೆನ್ನು ಕಿತ್ತುಕೊಳ್ಳುವ ವಕೀಲರೆಂದರೆ ನಾನು ಕಂಡದ್ದು ಒಬ್ಬರನ್ನೇ. ಮುಂಬಯಿ ಪಕ್ಕದ ಕಲ್ಯಾಣದಲ್ಲಿ, ಕೋರ್ಟಿನ ಹತ್ತಿರದ ಗಲ್ಲಿಯಲ್ಲಿ, ಝೆರಾಕ್ಸ್ ಅಂಗಡಿಯ ಹಿಂದಿನ ಅರ್ಧ ಕೋಣೆಯಲ್ಲಿ ಶಕುಂತಲಾಬಾಯಿ ಕೂರುತ್ತಿದ್ದರು. ಕಿತ್ತುಕೊಂಡ ಪೆನ್ನನ್ನು ತುರುಬಿಗೆ ಸಿಕ್ಕಿಸಿ, ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮರಾಠಿಯವರಿಗೆ ಮರಾಠಿಯಲ್ಲಿ, ಕಲಬುರಗಿಯ ಹಮಾಲರಿಗೆ ಅವರದೇ ಕನ್ನಡದಲ್ಲಿ. ತಿಳಿಯಿತೆಂದು ತಲೆಯಾಡಿಸಿದರೆ ಬಿಡುವವರಲ್ಲ. "ಏನ್ ತಿಳೀತು, ನೀ ಹೇಳು" ಎಂದು ಪಾಠ ಒಪ್ಪಿಸಿಕೊಂಡ ಮೇಲೆಯೇ ಪೆನ್ನು ವಾಪಸ್. ಕೆಲವು ದಿನ ಅವರ ತುರುಬಿನಲ್ಲಿ ಮೂರು ಪೆನ್ನು ಇದ್ದದ್ದೂ ಉಂಟು.

ವಿಜಾಪುರದ ಕಡೆಯವರು. ಗಂಡ ಸತ್ತ ಹದಿಮೂರನೇ ದಿನ ಮೈದುನರು ತಂದ ಕಾಗದಕ್ಕೆ ಓದದೆ ಸಹಿ ಹಾಕಿ ಹೊಲ ಕಳೆದುಕೊಂಡು, ಆಮೇಲೆ ಲಾ ಕಾಲೇಜಿಗೆ ಸೇರಿದವರಂತೆ. ಇದನ್ನು ತಾವೇ ನಗುತ್ತ ಹೇಳುತ್ತಿದ್ದರು: "ಸತ್ತವರ ಮನಿಗೆ ಮೊದಲ ಅಳು ಬರ್ತದ, ಅದರ ಬೆನ್ನಿಗೇ ಕಾಗದ ಬರ್ತದ. ಅಳೂದು ಮುಗೀಲಿಕ್ಕೆ ಬಿಡಾಂಗಿಲ್ಲ ಮಂದಿ." ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿದರೆಂದರೆ ಯಾರೂ ಕೇಸಿನ ಸುದ್ದಿ ಎತ್ತಬಾರದು. ಎತ್ತಿದವರಿಗೆ ರೊಟ್ಟಿ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು.

ನಮ್ಮನ್ನು ಅವರ ಬಳಿಗೆ ಕರೆದೊಯ್ದದ್ದು ಸಂಜೀವ ಮಾವ, ಅಮ್ಮನ ಅಣ್ಣ. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ನನಗೆ ಹದಿನೈದು, ತಮ್ಮ ನಿತಿನ್‌ಗೆ ಎಂಟು. ಠಾಕುರ್ಲಿಯ ನಮ್ಮ ಫ್ಲ್ಯಾಟು ಅಪ್ಪನ ಹೆಸರಿನಲ್ಲಿತ್ತು. ಅದನ್ನು ಮಾರಿ, ಕಾಮೋಠೆಯಲ್ಲಿ ದೊಡ್ಡ ಮನೆ ಕೊಂಡು, ತಮ್ಮ ಸಂಸಾರದ ಜೊತೆಗೆ ನಮ್ಮನ್ನೂ ಇಟ್ಟುಕೊಳ್ಳುವುದೆಂದು ಮಾವ ತೀರ್ಮಾನಿಸಿದ್ದರು. ಉಡುಪಿಯ ಕಡೆಯ ನಮ್ಮಲ್ಲಿ ತಂಗಿಯ ಮಕ್ಕಳಿಗೆ ಸೋದರಮಾವನೇ ಯಜಮಾನ. ಹಾಗಾಗಿ ಮಾರಾಟದ ಕಾಗದದಲ್ಲಿ ನಮ್ಮಿಬ್ಬರ ಪೋಷಕರೆಂದು ಮಾವನ ಹೆಸರನ್ನೇ ಟೈಪು ಮಾಡಿಸಿದ್ದರು. ಅದು ತಪ್ಪೆಂದು ಅಮ್ಮನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನನಗೆ ಮನೆ ಬಿಡಲು ಮಾತ್ರ ಇಷ್ಟವಿರಲಿಲ್ಲ. ಆದರೆ ನನ್ನನ್ನು ಕೇಳುವವರು ಯಾರು?

ಕೊಳ್ಳುವವರು ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಯುತ್ತಿದ್ದರು. ಮಾವನ ಮೊಬೈಲು ಐದೈದು ನಿಮಿಷಕ್ಕೆ ಹೊಡೆದುಕೊಳ್ಳುತ್ತಿತ್ತು. ಶಕುಂತಲಾಬಾಯಿ ಒಮ್ಮೆ ಕಣ್ಣಾಡಿಸಿ ನೋಟರಿ ಠಸ್ಸೆ ಒತ್ತಿಬಿಟ್ಟರೆ ಮುಗಿಯಿತು ಎಂದು ಮಾವ ಅಮ್ಮನ ಕೈಗೆ ಪೆನ್ನು ಕೊಟ್ಟರು. ಅದು ತುರುಬಿಗೆ ಹೋಯಿತು.

"ನೀವು ಈ ಹುಡುಗರಿಗೆ ಏನಾಗಬೇಕ್ರಿ?"

"ಮಾವ. ಇವಳ ಅಣ್ಣ."

"ಕಾಮೋಠೆ ಮನಿ ಯಾರ ಹೆಸರಿಗೆ?"

"ನನ್ನ ಹೆಸರಿಗೆ. ಎಲ್ಲ ಒಟ್ಟಿಗೆ ಇರುವುದಲ್ವಾ ಮಾರಾಯ್ರೆ, ಹೆಸರು ಯಾರದ್ದಾದರೆ ಎಂತ?"

"ನಾಳೆ ನಿಮಗ ಏನರ ಆತಂದ್ರ ಆ ಮನಿ ನಿಮ್ಮ ಹೇಣ್ತಿ ಮಕ್ಕಳಿಗೆ ಹೋಗ್ತದ. ಈ ಹುಡುಗರು ಅಲ್ಲಿ ಯಾರು?"

ಮಾವನ ಮುಖ ಕೆಂಪಾಯಿತು. "ನಮ್ಮಲ್ಲಿ ಮಾವನೇ ಯಜಮಾನ. ಅಜ್ಜನ ಕಾಲದಿಂದ ಹಾಗೆಯೇ. ನಿಮಗೆ ಗೊತ್ತಿಲ್ಲ."

"ಇರ್ರಲ್ಲ, ಯಾರು ಬ್ಯಾಡಂದ್ರು? ಮದುವಿಗೆ ಮುಂದ ನಿಂದ್ರಿ, ಬುದ್ಧಿ ಹೇಳ್ರಿ, ಕಿವಿ ಹಿಂಡ್ರಿ. ಸಹಿ ಮಾತ್ರ ನಡ್ಯಾಂಗಿಲ್ಲ. ತಂದಿ ಹೋದ ಮ್ಯಾಲ ತಾಯೀನ ಪೋಷಕಿ. ಆಕಿಗೂ ಮಕ್ಕಳ ಪಾಲು ಮಾರಬೇಕಂದ್ರ ಜಡ್ಜ್ ಸಾಹೇಬರ ಅಪ್ಪಣಿ ಬೇಕು. ಮೂರು ಪಾಲಿನ ಮನಿ ಇದು. ಎರಡು ಈ ಹುಡುಗರ್ದು." ಅಮ್ಮನ ಕಡೆ ತಿರುಗಿದರು. "ನೀವು ಹೇಳ್ರಿ, ಗುಲಾಬಿ."

"ಅಣ್ಣ ಹೇಳಿದ ಹಾಗೆ," ಎಂದರು ಅಮ್ಮ.

"ಅಣ್ಣ ಹೇಳಿದ್ದು ಕೇಳಿದೆ. ನೀವೇನ್ ಹೇಳ್ತೀರಿ?"

ಮತ್ತೆ ಮೊಬೈಲು ಹೊಡೆದುಕೊಂಡಿತು. ಮಾವ ಅದನ್ನು ಎತ್ತಲಿಲ್ಲ. ಅಮ್ಮನಿಗೆ ತುಳುವಿನಲ್ಲಿ ಮೆಲ್ಲಗೆ, ಆದರೆ ಒಂದೊಂದೇ ಮಾತು ಬಿಡಿಸಿ ಹೇಳಿದರು: ಬೇರೆ ವಕೀಲರ ಹತ್ತಿರ ಹೋಗೋಣ, ಈಗಲೇ ಏಳು. ಏಳದಿದ್ದರೆ ಇನ್ನು ನಿನ್ನ ಹೊಸ್ತಿಲು ನಾನು ತುಳಿಯುವುದಿಲ್ಲ. ಶಕುಂತಲಾಬಾಯಿಗೆ ತುಳು ಬಾರದು. ಆದರೂ ತಿಳಿಯಿತೆಂದು ಕಾಣುತ್ತದೆ, ಅವರು ಕಾಗದಗಳನ್ನು ಅಮ್ಮನ ಕಡೆಗೆ ಸರಿಸಿದರು. ಅಮ್ಮ ಕಾಗದಗಳನ್ನು ಒಂದೊಂದಾಗಿ ಜೋಡಿಸಿ, ಮಡಚಿ, ತಮ್ಮ ಚೀಲಕ್ಕೆ ಹಾಕಿಕೊಂಡರು.

"ಮನೆ ಕೊಡುವುದಿಲ್ಲ ಅಣ್ಣ."

ಮಾವ ಎದ್ದು ಹೋದರು. ಠಾಕುರ್ಲಿಗೆ ಒಂದೇ ಸ್ಟೇಷನ್ನು. ಅಷ್ಟು ದೂರವೂ ಅಮ್ಮ ಲೇಡೀಸ್ ಡಬ್ಬಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತರು. ನನಗೆ ಖುಷಿಯಾಗಿತ್ತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಗಿತ್ತು. ಮಾವ ಕೆಟ್ಟವರಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಬೆಂಚಿನ ಮೇಲೆ ಮಲಗಿದ್ದವರು ಅವರೇ.

ಆಮೇಲೆ ಐದು ವರ್ಷ ಮಾವ ಬರಲಿಲ್ಲ. ಗಣೇಶ ಚೌತಿಗೂ ಇಲ್ಲ. ಆಡಿದ ಮಾತಿಗೆ ತಪ್ಪದ ವಂಶ ನಮ್ಮದು, ಏನು ಮಾಡೋಣ! ಶಕುಂತಲಾಬಾಯಿ ಹೌಸಿಂಗ್ ಸೊಸೈಟಿಯ ಹಿಂದೆ ಬಿದ್ದು ಫ್ಲ್ಯಾಟನ್ನು ನಮ್ಮ ಮೂವರ ಹೆಸರಿಗೆ ಮಾಡಿಸಿದರು. ಅಮ್ಮ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದರು. ಎಲ್ಲ ಒಂದು ದಾರಿಗೆ ಬಂತು ಎನ್ನುವಾಗ ಅಮ್ಮನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು.

ಸುದ್ದಿ ಕೇಳಿದ ವಾರವೇ ಶಕುಂತಲಾಬಾಯಿ ನಮ್ಮ ಮನೆಗೆ ಬಂದರು. ಕೂತವರೇ, "ವಿಲ್ ಬರೀಬೇಕು, ಗುಲಾಬಿ," ಎಂದರು. ನನಗೆ ಅವರನ್ನು ಹೊರಗೆ ದಬ್ಬಬೇಕೆನಿಸಿತು. ಅಮ್ಮ ಇನ್ನೂ ನನ್ನ ಕಣ್ಣೆದುರು ಚಹಾ ಸೋಸುತ್ತಿದ್ದರು. "ವಿಲ್ ಬರೆದವರೆಲ್ಲ ಸಾಯಾಂಗಿಲ್ಲ, ಬರೀದಿದ್ದವರು ಉಳಿಯಾಂಗಿಲ್ಲ," ಎಂದು ಅವರು ನನ್ನನ್ನೇ ನೋಡಿ ಹೇಳಿದರು. "ಇಲ್ಲಿ ಮನಿ ಮಾತಲ್ಲ. ಹುಡುಗನ ಮಾತು. ತಂದಿ ಇಲ್ಲದ ಮಕ್ಕಳಿಗೆ ತಾಯಿ ವಿಲ್ಲಿನ್ಯಾಗ ಪೋಷಕರನ್ನ ನೇಮಸಬಹುದು. ಯಾರ್ನ ಬರೀಲಿ?"

ಅಮ್ಮ ಯೋಚಿಸಲೇ ಇಲ್ಲ. "ಅಣ್ಣನನ್ನು," ಎಂದರು.

ನಾನು ಸಿಡಿದೆ. "ನಾಲ್ಕು ವರ್ಷ ಮುಖ ತೋರಿಸದವರನ್ನಾ? ನನಗೆ ಹತ್ತೊಂಬತ್ತಾಯಿತು, ನನ್ನ ಹೆಸರು ಬರೆಯಿರಿ. ಬಾಯಿ, ನೀವಾದರೂ ಬೇಡ ಅನ್ನಿ!"

"ಸುಮ್ನಿರು," ಎಂದು ಶಕುಂತಲಾಬಾಯಿ ಗದರಿಸಿದರು. "ನೀ ಅಕ್ಕ ಆಗಿರು, ಸಾಕು. ನಾ ಅವತ್ತು ಅವರ ಸಹಿ ಬ್ಯಾಡಂದೆ. ಅವರ್ನ ಬ್ಯಾಡಂದಿಲ್ಲ. ಕೋರ್ಟಿನ ಅಪ್ಪಣಿ ಇಲ್ಲದೆ ಮನಿ ಮಾರಾಕ ಅವರಿಗೂ ಬರಾಂಗಿಲ್ಲ. ಹುಡುಗನ ಕೈ ಹಿಡಿಯಾಕ ಬರ್ತದ."

ಅಮ್ಮ ಇನ್ನೊಂದು ವರ್ಷ ಬದುಕಿದರು. ಅವರಿಗಿಂತ ಎರಡು ತಿಂಗಳು ಮೊದಲೇ, ಕೋರ್ಟಿಗೆ ಹೊರಟಿದ್ದ ಶಕುಂತಲಾಬಾಯಿ ಮನೆಯ ಮೆಟ್ಟಿಲ ಮೇಲೆ ಕುಸಿದು ಪ್ರಾಣಬಿಟ್ಟರು. ಅಮ್ಮನಿಗೆ ನಾನು ಅದನ್ನು ಹೇಳಲಿಲ್ಲ.

ಅಮ್ಮ ಹೋದ ಸುದ್ದಿ ತಿಳಿಸಲು ಮಾವನಿಗೆ ಫೋನು ಮಾಡಿದವಳು ನಾನೇ. ಬಂದರು. ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತು, ನಿತಿನ್ "ಮಾಮಾ, ಅಂದರ್ ಆವೊ ನಾ" ಎಂದ ಮೇಲೆ ಒಳಗೆ ಬಂದರು. ಕ್ರಿಯೆಯೆಲ್ಲ ಮುಗಿಸಿ, ವಿಲ್ಲನ್ನು ತೆಗೆದುಕೊಳ್ಳಲು ನಾವು ಮೂವರೂ ಕಲ್ಯಾಣಕ್ಕೆ ಹೋದೆವು. ಆ ಅರ್ಧ ಕೋಣೆಯಲ್ಲಿ ಶಕುಂತಲಾಬಾಯಿಯ ಜೂನಿಯರ್ ಹುಡುಗಿ ಕೂತಿದ್ದಳು. ಅವಳು ಕೊಟ್ಟ ಕಾಗದವನ್ನು ಮಾವ ನಿಂತಲ್ಲೇ ಎರಡು ಸಲ ಓದಿದರು.

"ಆ ಬಾಯಿ ಇನ್ನೂ ಬಂದಿಲ್ವಾ?" ಎಂದು ಕೇಳಿದರು.

ತೀರಿಹೋದರು ಎಂದೆ. ಮಾವ ಅವರ ಖಾಲಿ ಕುರ್ಚಿಯ ಕಡೆ ತಿರುಗಿದರು.

"ನನ್ನ ಹೆಸರು ಬರೆಸುವಾಗ ಅವರು ಬೇಡ ಅಂತ ಹೇಳ್ಲಿಲ್ವಾ?"

"ಇಲ್ಲ ಮಾವ. ಬೇಡ ಅಂದದ್ದು ನಾನು. ನನ್ನನ್ನೇ ಬೈದರು."

ಮಾವ ಕಾಗದ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಇನ್ನೊಂದು ಕೈಯಲ್ಲಿ ನಿತಿನ್‌ನ ಕೈ ಹಿಡಿದುಕೊಂಡರು.

"ಅವರ ಜಾಗದಲ್ಲಿ ನಾನಿದ್ದಿದ್ರೆ," ಎಂದರು, "ಬೇಡ ಅಂತಲೇ ಹೇಳ್ತಿದ್ದೆ."