ಹೊಟ್ಟೆಗೆ ಒತ್ತಿದ ಡಬ್ಬಿ

ಅರಿಶಿನಕುಂಟೆಯ ಬಸ್ ನಿಲ್ದಾಣದಲ್ಲಿ ಮಂಜುಳ ತಿಂಗಳ ಕೆಲವು ದಿನ ಊಟದ ಡಬ್ಬಿಯನ್ನು ವೇಲಿನೊಳಗೆ ಸೇರಿಸಿ, ಹೊಟ್ಟೆಗೆ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಅತ್ತೆ ಕಟ್ಟಿಕೊಟ್ಟ ಬಿಸಿ ಅನ್ನದ ಕಾವಿಗಾಗಿ.

ನಾನು ದೈಹಿಕ ಶಿಕ್ಷಕಿಯಾಗಿದ್ದವಳು. ನಿವೃತ್ತಿಯ ನಂತರವೂ ಬೆಳಗಿನ ನಡಿಗೆ ತಪ್ಪಿಸಿಲ್ಲ. ಒಂದು ದಿನ, "ನೆಟ್ಟಗೆ ಕೂತ್ಕೋಮ್ಮ" ಎಂದೆ.

"ಒಳಗೆ ಯಾರೋ ಬಟ್ಟೆ ಹಿಂಡ್ತಾವ್ರೆ ಮೇಡಂ. ಒಣಗಾಕೋದೇ ಇಲ್ಲ, ಬರೀ ಹಿಂಡೋದೇ" ಎಂದು ನಕ್ಕು, ಹಲ್ಲು ಕಚ್ಚಿದಳು.

ಅವಳಿಗೆ ದಾಬಸ್‌ಪೇಟೆಯ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ. ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ. ಮುಟ್ಟಿನಲ್ಲಿ ಕೆಲಸಕ್ಕೆ ಹೋಗಲು ಮನೆಯಲ್ಲಿ ಅಡ್ಡಿಯಿರಲಿಲ್ಲ. ಆಸ್ಪತ್ರೆಗೆ ಮಾತ್ರ ಮುಟ್ಟು ಕಳೆದು ತಲೆಗೆ ನೀರು ಹಾಕಿಕೊಂಡ ಮೇಲೆಯೇ ಹೋಗಬೇಕಿತ್ತು. ಅಷ್ಟರಲ್ಲಿ ನೋವು ಇಳಿದಿರುತ್ತಿತ್ತು. ಹೊಟ್ಟೆ ಒತ್ತಿ ನೋಡಿದವರೆಲ್ಲ ಗ್ಯಾಸ್ ಎಂದರು. ಸ್ಕ್ಯಾನಿಂಗೂ ಸರಿಯಾಗಿಯೇ ಬಂತು.

ನೋವಿದ್ದ ದಿನವೇ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಹೊಸ ಡಾಕ್ಟರಮ್ಮ ಕೇಳಿದರು: "ಮುಟ್ಟಲ್ಲಿ ಕಕ್ಕಸಿಗೆ ಹೋಗುವಾಗ ನೋವಾಗುತ್ತಾ? ಗಂಡನ ಜೊತೆ ಇದ್ದಾಗ?"

ಮಂಜುಳ ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ.

"ಹೂಂ. ಇದನ್ನ ಇಲ್ಲೀಗಂಟ ಯಾರೂ ಕೇಳ್ನಿಲ್ಲ."

ಎಂಡೊಮೆಟ್ರಿಯೋಸಿಸ್ ಇರಬಹುದು ಎಂದರು. ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದು ನೋಯಿಸುವ ಕಾಯಿಲೆ; ಸ್ಕ್ಯಾನಿಂಗಿನಲ್ಲಿ ಕಾಣದೆಯೂ ಇರಬಹುದು. ನೋವಿಗೆ ಮಾತ್ರೆ, ಮುಟ್ಟು ತಡೆಯಲು ದಿನವೂ ಒಂದು ಮಾತ್ರೆ, ಮಗುವಿನ ವಿಚಾರಕ್ಕೆ ದೊಡ್ಡಾಸ್ಪತ್ರೆಯ ತಜ್ಞರಿಗೆ ಚೀಟಿ ಕೊಟ್ಟರು.

ಕೆಲವು ವಾರಗಳಲ್ಲಿ ಡಬ್ಬಿ ಹೊಟ್ಟೆ ಬಿಟ್ಟು ಕೈಗೆ ಬಂತು. "ನೆಟ್ಟಗಿದೀನಾ ಮೇಡಂ? ಮಾರ್ಕ್ಸ್ ಕೊಡಿ" ಎಂದು ಎದೆಯುಬ್ಬಿಸಿ ನಿಲ್ಲುತ್ತಿದ್ದಳು.

ಮಾತ್ರೆ ಅತ್ತೆಯ ಕಣ್ಣಿಗೆ ಬಿತ್ತು. "ನಾವು ಮಗು ಮಗು ಅಂತ ಬಾಯ್ ಬಾಯ್ ಬಿಡ್ತಿದ್ರೆ, ಇವ್ಳು ಮುಟ್ಟೇ ನಿಲ್ಲೋ ಮಾತ್ರೆ ನುಂಗ್ತಾವ್ಳೆ!" ಎಂದು ತಿಪ್ಪೆಗೆ ಎಸೆದರು. ಬಿಟ್ಟರೆ ಮುಟ್ಟು ಮರಳುತ್ತದೆ, ನೋವು ಹತೋಟಿಗೆ ಬರಲೆಂದು ಕೊಟ್ಟದ್ದು ಎಂದು ವಿವರಿಸಲು ಹೋದೆ. ಗಂಡ ಬಾಗಿಲಲ್ಲೇ ತಡೆದ. "ರೋಗ ಇರೋದು ಖಾತ್ರಿ ಆಯ್ತಲ್ಲ. ಇನ್ಯಾಕೆ ದೊಡ್ಡಾಸ್ಪತ್ರೆ? ಇದು ನಿಮ್ ಸ್ಕೂಲಲ್ಲ ಮೇಡಂ."

ನೋವಿಗೆ ಹೆಸರಿಲ್ಲದಾಗ ಸಹಿಸಿಕೊಂಡಿದ್ದ ಮನೆ, ಹೆಸರು ಸಿಕ್ಕ ಮೇಲೆ ಸಹಿಸಲಿಲ್ಲ.

ಕೊನೆಯ ಸಲ ಕಂಡಾಗ ರಸ್ತೆಯ ಆಚೆ ಬದಿಯಲ್ಲಿ, ಬಟ್ಟೆಯ ಬ್ಯಾಗಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ತವರು ಅನುಗೊಂಡನಹಳ್ಳಿಗೆ ಹೊರಟಿದ್ದಳು. ನಾನು ರಸ್ತೆ ದಾಟಿ ಹೋದೆ.

"ಅಲ್ಲಾದ್ರೂ ಮಾತ್ರೆ ತಗೊಳ್ಳಮ್ಮ."

"ಅಲ್ಲೂ ಅತ್ತಿಗೆ ಅವ್ರಲ್ಲ ಮೇಡಂ."

"ಯಾವಾಗ ಬರ್ತೀಯಾ?"

"ಕರೆದ್ರೆ ತಾನೆ."

ವೇಲಿನೊಳಗೆ ಡಬ್ಬಿಯಿತ್ತು. ಮುಟ್ಟಿ ನೋಡಿದೆ. ತಣ್ಣಗಿತ್ತು, ಖಾಲಿ.

"ಅಭ್ಯಾಸ ಮೇಡಂ" ಎಂದು ಇನ್ನಷ್ಟು ಒತ್ತಿಕೊಂಡಳು.